ಪಿಸುದನಿಯ ಹಾಡುಗಾರ ನಿಕ್ ಡ್ರೇಕ್

1971ರ ಅಕ್ಟೋಬರ್ ತಿಂಗಳು. ಲಂಡನ್ನಿನ ಚೆಲ್ಸಿ ಬಡಾವಣೆಯ ಸೌಂಡ್ ಟೆಕ್ನಿಕ್ಸ್ ಸ್ಟುಡಿಯೊದಲ್ಲಿ ಹಗಲಿನ ಕೆಲಸಗಳೆಲ್ಲ ಮುಗಿದ ನಂತರ ಉಳಿದವರು ಇಬ್ಬರೇ. ಗಿಟಾರ್ ಹಿಡಿದು ಕುಳಿತ 23 ವರ್ಷದ ನಿಕ್ ಡ್ರೇಕ್ ಮತ್ತು ಧ್ವನಿಮುದ್ರಣ ತಂತ್ರಜ್ಞ ಜಾನ್ ವುಡ್. ವಾದ್ಯವೃಂದವಿಲ್ಲ, ಡ್ರಮ್‌ ಇಲ್ಲ, ಸಹಗಾಯಕರಿಲ್ಲ. ಎರಡು ರಾತ್ರಿಗಳಲ್ಲಿ ಸಿದ್ಧವಾದ, ಅರ್ಧ ಗಂಟೆಯೂ ತುಂಬದ ‘ಪಿಂಕ್ ಮೂನ್’ ಆಲ್ಬಂ ಮರುವರ್ಷದ ಫೆಬ್ರವರಿಯಲ್ಲಿ ಹೊರಬಂದಾಗ ಕೊಂಡವರು ವಿರಳ. ಇಂದು ಇಂಡೀ ಫೋಕ್ ಎಂದು ಕರೆಯಲಾಗುವ ಗಾಯನ ಪ್ರಕಾರದ ಬೇರುಗಳನ್ನು ಹುಡುಕುತ್ತ ಹೊರಟವರು ಬಹುಮಟ್ಟಿಗೆ ಬಂದು ನಿಲ್ಲುವುದು ಅದೇ ಎರಡು ರಾತ್ರಿಗಳ ಬಳಿ. ಆ ಹೆಸರು ಮಾತ್ರ ಡ್ರೇಕ್ ಬದುಕಿದ್ದ ಕಾಲದಲ್ಲಿ ಹುಟ್ಟಿರಲೇ ಇಲ್ಲ.

ಡ್ರೇಕ್ ಜನಿಸಿದ್ದು 1948ರ ಜೂನ್ 19ರಂದು, ಬರ್ಮಾದ ರಂಗೂನ್‌ನಲ್ಲಿ. ತಂದೆ ರಾಡ್ನಿ ಅವರು ತೇಗದ ವ್ಯಾಪಾರಕ್ಕೆ ಹೆಸರಾದ ಬಾಂಬೆ ಬರ್ಮಾ ಟ್ರೇಡಿಂಗ್ ಕಾರ್ಪೊರೇಷನ್ನಿನಲ್ಲಿ ಎಂಜಿನಿಯರ್. 1942ರಲ್ಲಿ ಜಪಾನಿ ಸೇನೆ ಬರ್ಮಾ ಹೊಕ್ಕಾಗ ತಾಯಿ ಮೋಲಿ ಭಾರತಕ್ಕೆ ವಲಸೆ ಬಂದು, ದೆಹಲಿಯ ಆಕಾಶವಾಣಿಯಲ್ಲಿ ಸೋದರಿಯೊಡನೆ ಹಾಡಿದ್ದುಂಟು. ಮುಂದೆ ನಟಿಯಾಗಿ ಖ್ಯಾತಳಾದ ಮಗಳು ಗೇಬ್ರಿಯೆಲ್ ಹುಟ್ಟಿದ್ದು 1944ರಲ್ಲಿ ಲಾಹೋರಿನಲ್ಲಿ. 1950ರ ದಶಕದ ಆರಂಭದಲ್ಲಿ ಕುಟುಂಬ ಇಂಗ್ಲೆಂಡಿಗೆ ಮರಳಿ ವಾರ್ವಿಕ್‌ಶೈರ್‌ನ ಟ್ಯಾನ್ವರ್ತ್-ಇನ್-ಆರ್ಡನ್ ಎಂಬ ಹಳ್ಳಿಯಲ್ಲಿ ನೆಲೆಸಿತು. ಮೋಲಿ ಮನೆಯಲ್ಲಿ ಪಿಯಾನೊ ನುಡಿಸುತ್ತ ತಮ್ಮವೇ ಹಾಡುಗಳನ್ನು ಕಟ್ಟುತ್ತಿದ್ದರು. ಯಾರ ಮುಂದೆಯೂ ಪ್ರದರ್ಶಿಸುವ ಹಂಬಲ ಅವರಿಗಿರಲಿಲ್ಲ. ಮಗನ ಕಿವಿ ತಯಾರಾದದ್ದು ಆ ಪಿಯಾನೊದ ಪಕ್ಕದಲ್ಲಿ.

ಮಾರ್ಲ್‌ಬರೊ ಶಾಲೆಯಲ್ಲಿ ಆತ ಕ್ಲ್ಯಾರಿನೆಟ್, ಸ್ಯಾಕ್ಸೊಫೋನ್ ಕಲಿತ. ವೇಗದ ಓಟಗಾರನೆಂದೂ ಹೆಸರಾಗಿದ್ದ. 1965ರಲ್ಲಿ ಗಿಟಾರ್ ಕೈಗೆ ಬಂತು. 1967ರಲ್ಲಿ ಫ್ರಾನ್ಸಿನ ಎಕ್ಸ್-ಆನ್-ಪ್ರೊವಾನ್ಸ್‌ನಲ್ಲಿ ಕೆಲವು ತಿಂಗಳು ಕಳೆದು, ಅದೇ ವರ್ಷ ಇಂಗ್ಲಿಷ್ ಸಾಹಿತ್ಯದ ಅಧ್ಯಯನಕ್ಕೆ ಕೇಂಬ್ರಿಜ್ ಸೇರಿದ. ಪದವಿಯನ್ನು ಪೂರೈಸಲಿಲ್ಲ. ಲಂಡನ್ನಿನ ವೇದಿಕೆಯೊಂದರಲ್ಲಿ ಈತನನ್ನು ಕಂಡ ಫೇರ್‌ಪೋರ್ಟ್ ಕನ್ವೆನ್ಷನ್ ತಂಡದ ಆಶ್ಲಿ ಹಚಿಂಗ್ಸ್ ಅವರು ನಿರ್ಮಾಪಕ ಜೋ ಬಾಯ್ಡ್ ಅವರಿಗೆ ವಿಷಯ ಮುಟ್ಟಿಸಿದರು. 1969ರಲ್ಲಿ ಐಲೆಂಡ್ ರೆಕಾರ್ಡ್ಸ್ ಮೂಲಕ ‘ಫೈವ್ ಲೀವ್ಸ್ ಲೆಫ್ಟ್’ ಹೊರಬಂತು.

ಸಂಕೋಚದ ಮುದ್ದೆಯೆಂದು ಎಲ್ಲರೂ ತಿಳಿದಿದ್ದ ಈ ಹುಡುಗನ ಹಟ ಬೆಳಕಿಗೆ ಬಂದದ್ದೂ ಆಗಲೇ. ಅನುಭವಿ ಸಂಯೋಜಕರೊಬ್ಬರು ಬರೆದ ತಂತಿವಾದ್ಯಗಳ ಹಿನ್ನೆಲೆಯನ್ನು ಆತ ಒಪ್ಪಲಿಲ್ಲ. ಬದಲಿಗೆ ಕೇಂಬ್ರಿಜ್ಜಿನ ಗೆಳೆಯ ರಾಬರ್ಟ್ ಕರ್ಬಿಯ ಹೆಸರು ಹೇಳಿದ. ಧ್ವನಿಮುದ್ರಣದ ಅನುಭವವೇ ಇಲ್ಲದ ಆ ವಿದ್ಯಾರ್ಥಿಯ ಕೆಲಸ ಎಲ್ಲರನ್ನೂ ಬೆರಗುಗೊಳಿಸಿತು. ‘ರಿವರ್ ಮ್ಯಾನ್’ ಹಾಡಿಗೆ ಮಾತ್ರ ಹ್ಯಾರಿ ರಾಬಿನ್ಸನ್ ಅವರನ್ನು ಕರೆಯಲಾಯಿತು. ಆ ಹಾಡಿನದು ಐದು ಎಣಿಕೆಯ ನಡೆ. ನಮ್ಮ ಖಂಡಛಾಪು ಬಲ್ಲವರಿಗೆ ಅಪರಿಚಿತವೆನಿಸದು, ಪಾಶ್ಚಾತ್ಯ ಜನಪ್ರಿಯ ಸಂಗೀತದಲ್ಲಿ ಅಪರೂಪ.

ವೇದಿಕೆ ಆತನಿಗೆ ಒಗ್ಗಲಿಲ್ಲ. ಒಂದೊಂದು ಹಾಡಿಗೂ ಒಂದೊಂದು ಶ್ರುತಿ. ತಂತಿಗಳನ್ನು ಸರಿಪಡಿಸುತ್ತ ಆತ ನಿಮಿಷಗಟ್ಟಲೆ ಮೌನವಾಗಿ ಕುಳಿತರೆ, ಕ್ಲಬ್ಬುಗಳ ಜನ ಹರಟೆಗಿಳಿಯುತ್ತಿದ್ದರು. 1970ರ ಬೇಸಿಗೆಯಲ್ಲಿ ಸರ್ರೆಯ ಕಾಲೇಜೊಂದರಲ್ಲಿ ಹಾಡಿನ ನಡುವೆಯೇ ಎದ್ದು ಹೊರನಡೆದ. 1971ರಲ್ಲಿ ಬಂದ ‘ಬ್ರೈಟರ್ ಲೇಟರ್’ ಆಲ್ಬಂಗೆ ಡ್ರಮ್ಸ್, ಬೇಸ್ ಗಿಟಾರ್‌ಗಳ ಮೆರುಗು ಕೊಟ್ಟರೂ ಫಲ ಅಷ್ಟಕ್ಕಷ್ಟೇ. ಆತನ ಮೂರು ಆಲ್ಬಂಗಳಲ್ಲಿ ಯಾವುದೂ ಮೊದಲ ಬಿಡುಗಡೆಯಲ್ಲಿ 5,000 ಪ್ರತಿಗಳನ್ನು ದಾಟಲಿಲ್ಲ. ಆಸರೆಯಾಗಿದ್ದ ಬಾಯ್ಡ್ ಅಮೆರಿಕಕ್ಕೆ ತೆರಳಿದರು. ಖಿನ್ನತೆ ಆವರಿಸಿತು.

‘ಪಿಂಕ್ ಮೂನ್’ ಹುಟ್ಟಿದ್ದು ಈ ಸ್ಥಿತಿಯಲ್ಲಿ. ಅದರ ಶೀರ್ಷಿಕೆ ಗೀತೆ ಎರಡು ನಿಮಿಷಕ್ಕೆ ತುಸು ಮಿಗಿಲು. ಗಿಟಾರಿನ ತಂತಿಗಳನ್ನು ವಾಡಿಕೆಗಿಂತ ಸಡಿಲಿಸಿ ಶ್ರುತಿ ಮಾಡಿರುವುದರಿಂದ ಮಂದ್ರದ ತಂತಿ ತಂಬೂರಿಯಂತೆ ಅಡಿಯಲ್ಲಿ ಮಿಡಿಯುತ್ತಲೇ ಇರುತ್ತದೆ. ಮೇಲೆ ದನಿ ಸಾಗುವುದು ಉಸಿರಿಗಿಂತ ಒಂದಿಷ್ಟೇ ಗಟ್ಟಿಯಾಗಿ. ಪದಗಳ ಕೊನೆಯ ಅಕ್ಷರಗಳು ಮಂಜಿನಂತೆ ಕರಗುತ್ತವೆ. ಹಾಡುವಾತ ಕೇಳುಗನ ಕೋಣೆಯಲ್ಲೇ ಕುಳಿತಂತೆ ಭಾಸವಾಗುತ್ತದೆ. ನಡುವೆ ಒಮ್ಮೆ, ಒಮ್ಮೆ ಮಾತ್ರ, ಪಿಯಾನೊದ ಕೆಲವು ಸ್ವರಗಳು ತೇಲಿಬಂದು ಮರೆಯಾಗುತ್ತವೆ. ಇಡೀ ಆಲ್ಬಂನಲ್ಲಿ ಗಿಟಾರ್ ಮತ್ತು ಕಂಠದ ಹೊರತು ಕೇಳಿಬರುವ ನಾದ ಅದೊಂದೇ.

ಅಬ್ಬರಕ್ಕೆ ಬೆಚ್ಚುವ ಸೂಕ್ಷ್ಮ ಕಿವಿಗಳಿಗೆ ಈ ಹಾಡು ಹಿತವೆನಿಸುವುದು ಸಹಜ. ಇದರಲ್ಲಿ ಥಟ್ಟನೆ ಎರಗುವ ಸದ್ದಿಲ್ಲ, ಏರುದನಿಯಿಲ್ಲ. ಆದರೆ ಇದನ್ನು ಜೋಗುಳವೆಂದು ಕೇಳುವವರು ಅರ್ಧ ಹಾಡನ್ನಷ್ಟೇ ಕೇಳಿದಂತೆ. ಬೆರಳೆಣಿಕೆಯ ಮಾತುಗಳಲ್ಲಿ ಹಾಡು ಸೂಚಿಸುವುದು ಯಾರೂ ತಪ್ಪಿಸಿಕೊಳ್ಳಲಾಗದ ಏನೋ ಒಂದರ ಆಗಮನವನ್ನು. ಅಂಜಿಕೆಯ ಸುದ್ದಿಯನ್ನು ಮೆಲುದನಿಯಲ್ಲಿ ಹೇಳುವುದರಿಂದಲೇ ಅದು ಮನಸ್ಸಿನಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ.

ಈ ಆಲ್ಬಂ ಅನ್ನು ಸಾವಿನ ಮುನ್ನುಡಿಯೆಂದು ಓದುವ ಪರಿಪಾಠ ಆತನ ಅಭಿಮಾನಿಗಳಲ್ಲಿ ಬೆಳೆದಿದೆ. ಅದು ಕಲಾವಿದನಿಗೆ ಮಾಡುವ ಅನ್ಯಾಯ. ಅಲ್ಲಿನ ಬೆರಳುಗಳಲ್ಲಿ ತಡವರಿಕೆಯಿಲ್ಲ. ಹೆಬ್ಬೆರಳು ಗಡಿಯಾರದಂತೆ ಲಯ ಹಿಡಿದಿದೆ. ಕಾಯಿಲೆ ಹಾಡಿದ್ದಲ್ಲ, ಕಾಯಿಲೆಯ ನಡುವೆಯೂ ಅಭ್ಯಾಸ ಕೈಬಿಡದವನು ಹಾಡಿದ್ದು. ಕಾಯಿಲೆ ನಿಜಕ್ಕೂ ಮೇಲುಗೈ ಸಾಧಿಸಿದಾಗ ಏನಾಯಿತೆಂಬುದಕ್ಕೆ 1974ರ ಧ್ವನಿಮುದ್ರಣಗಳೇ ಸಾಕ್ಷಿ. ಏಕಕಾಲಕ್ಕೆ ನುಡಿಸುತ್ತ ಹಾಡುವುದು ಆಗ ಆತನಿಂದ ಸಾಧ್ಯವಾಗಲಿಲ್ಲ. ಮೊದಲು ಗಿಟಾರ್, ಆಮೇಲೆ ಕಂಠ ಎಂದು ಬೇರೆಬೇರೆಯಾಗಿ ಮುದ್ರಿಸಬೇಕಾಯಿತು.

1972ರಲ್ಲಿ ಐದು ವಾರ ಆಸ್ಪತ್ರೆಯಲ್ಲಿ ಕಳೆದ ಆತ ಹೆಚ್ಚಾಗಿ ಹಳ್ಳಿಯ ಮನೆಯಲ್ಲೇ ಉಳಿದಿದ್ದ. 1974ರ ನವೆಂಬರ್ 25ರಂದು, 26ನೇ ವಯಸ್ಸಿನಲ್ಲಿ, ಅದೇ ಮನೆಯ ತನ್ನ ಕೋಣೆಯಲ್ಲಿ ಕೊನೆಯುಸಿರೆಳೆದ. ಖಿನ್ನತೆಗೆಂದು ಕೊಟ್ಟ ಔಷಧಿಯ ಪ್ರಮಾಣ ಮೀರಿತ್ತು. ವಿಚಾರಣಾಧಿಕಾರಿ ಆತ್ಮಹತ್ಯೆಯೆಂದು ದಾಖಲಿಸಿದರು. ಆತನನ್ನು ಬಲ್ಲವರಲ್ಲಿ ಕೆಲವರು ಅದನ್ನು ಒಪ್ಪಲಿಲ್ಲ. ಊರ ಚರ್ಚಿನ ಆವರಣದ ಓಕ್ ಮರದಡಿ ಚಿತಾಭಸ್ಮವನ್ನು ಹೂಳಲಾಯಿತು.

ಕೇಳುಗರು ಬಂದದ್ದು ಆ ಬಳಿಕ, ಒಬ್ಬೊಬ್ಬರಾಗಿ. ಮನೆ ಹುಡುಕಿಕೊಂಡು ಬಂದ ಅಪರಿಚಿತ ಯುವಕರನ್ನು ರಾಡ್ನಿ–ಮೋಲಿ ದಂಪತಿ ಆದರದಿಂದ ಬರಮಾಡಿಕೊಂಡರು. ಮಗ ಮನೆಯಲ್ಲಿ ಹಾಡಿಟ್ಟ ಟೇಪುಗಳನ್ನು ಕೇಳಿಸಿದರು. 1979ರಲ್ಲಿ ಮೂರು ಆಲ್ಬಂಗಳೂ ಒಂದೇ ಪೆಟ್ಟಿಗೆಯಲ್ಲಿ ಮರುಮುದ್ರಣಗೊಂಡವು. 1999ರ ಕೊನೆಗೆ ಫೋಕ್ಸ್‌ವ್ಯಾಗನ್ ಕಾರಿನ ಜಾಹೀರಾತೊಂದು ‘ಪಿಂಕ್ ಮೂನ್’ ಹಾಡನ್ನು ಬಳಸಿಕೊಂಡಿತು. ಆಲ್ಬಂನ ಮಾರಾಟ ಅಮೆರಿಕದಲ್ಲಿ ಹಲವು ಪಟ್ಟು ಏರಿತು. ಹಾಡುಗಾರನನ್ನು ಜನ ಕಂಡದ್ದು ಮಾತ್ರ ಛಾಯಾಚಿತ್ರಗಳಲ್ಲಿ. ವಯಸ್ಕ ಡ್ರೇಕ್ ಹಾಡುತ್ತಿರುವ ಒಂದೇ ಒಂದು ಚಲನಚಿತ್ರ ತುಣುಕೂ ದೊರೆತಿಲ್ಲ.

ರಾಡ್ನಿ 1988ರಲ್ಲಿ, ಮೋಲಿ 1993ರಲ್ಲಿ ತೀರಿಕೊಂಡರು. 1950ರ ದಶಕದಲ್ಲಿ ಪತ್ನಿಯ ಹಾಡುಗಳನ್ನು ರಾಡ್ನಿ ಮನೆಯಲ್ಲೇ ಟೇಪಿನಲ್ಲಿ ಮುದ್ರಿಸಿಟ್ಟಿದ್ದರು. 2013ರಲ್ಲಿ ಅವು ಸಾರ್ವಜನಿಕರ ಕೈಸೇರಿದವು. ಸಭಿಕರ ಹಂಗಿಲ್ಲದೆ, ಪಿಯಾನೊದ ಮುಂದೆ ಕುಳಿತು ಮೆಲ್ಲಗೆ ಹಾಡಿದ ಆ ದನಿಯಲ್ಲಿ ಮಗನ ಗಾಯನದ ಎಳೆ ಸ್ಪಷ್ಟವಾಗಿ ಕೇಳಿಸುತ್ತದೆ.