ಪ್ರಸಾರಕನ ಹೊಣೆ: ಎಡ್ವರ್ಡ್ ಮರೋ ಅವರ ಜೀವನ

ಪತ್ರಕರ್ತನನ್ನು ವಿದ್ಯಾಲಯಗಳು ರೂಪಿಸಬಲ್ಲವೇ ಎಂಬ ಪ್ರಶ್ನೆ ಪತ್ರಿಕೋದ್ಯಮ ವಿಭಾಗಗಳಷ್ಟೇ ಹಳೆಯದು. ಅಮೆರಿಕದ ಮಿಸ್ಸೂರಿ ವಿಶ್ವವಿದ್ಯಾನಿಲಯದಲ್ಲಿ ಪತ್ರಿಕೋದ್ಯಮ ಶಾಲೆ ಆರಂಭವಾದುದು 1908ರಲ್ಲಿ. ಅದೇ ವರ್ಷದ ಏಪ್ರಿಲ್ 25ರಂದು ಉತ್ತರ ಕೆರೊಲಿನಾದ ಗ್ರೀನ್ಸ್‌ಬರೋ ಸಮೀಪದ ಹಳ್ಳಿಗಾಡಿನಲ್ಲಿ ಜನಿಸಿದ ಎಡ್ವರ್ಡ್ ಮರೋ ಅಂಥ ಯಾವ ಶಾಲೆಯಲ್ಲಿಯೂ ಓದಿದವರಲ್ಲ; ಪತ್ರಿಕಾ ಕಚೇರಿಯಲ್ಲಿ ವರದಿಗಾರರಾಗಿ ಪಳಗಿದವರೂ ಅಲ್ಲ. ಆದರೂ ಬಾನುಲಿ ಮತ್ತು ಟೆಲಿವಿಷನ್ ಪತ್ರಿಕೋದ್ಯಮದ ಚರಿತ್ರೆಯನ್ನು ಅವರ ಹೆಸರಿಲ್ಲದೆ ಬರೆಯಲಾಗದು.

ತಂದೆತಾಯಿಗಳು ಕ್ವೇಕರ್ ಪಂಥಕ್ಕೆ ಸೇರಿದ ಬಡ ರೈತರು. ಮಗು ಇನ್ನೂ ಚಿಕ್ಕದಿರುವಾಗಲೇ ಕುಟುಂಬ ದೇಶದ ಇನ್ನೊಂದು ತುದಿಯಾದ ವಾಷಿಂಗ್ಟನ್ ರಾಜ್ಯಕ್ಕೆ ವಲಸೆ ಹೋಯಿತು. ಅಲ್ಲಿ ತಂದೆಗೆ ಮರದ ದಿಮ್ಮಿ ಸಾಗಿಸುವ ರೈಲುಮಾರ್ಗದಲ್ಲಿ ಕೆಲಸ ದೊರೆಯಿತು. ಮಗನೂ ಬೇಸಿಗೆಯ ರಜೆಗಳಲ್ಲಿ ಮರ ಕಡಿಯುವವರ ಬಿಡಾರಗಳಲ್ಲಿ ದುಡಿದ. ಮುಂದೆ ಪುಲ್‌ಮನ್ ಊರಿನ ವಾಷಿಂಗ್ಟನ್ ಸ್ಟೇಟ್ ಕಾಲೇಜನ್ನು ಸೇರಿದ ಮರೋ ಭಾಷಣಕಲೆಯನ್ನು ಮುಖ್ಯ ವಿಷಯವಾಗಿ ಆರಿಸಿಕೊಂಡು 1930ರಲ್ಲಿ ಪದವಿ ಪಡೆದರು.

ಅವರ ನಿಜವಾದ ತರಬೇತಿ ನಡೆದುದು ಆ ಕಾಲೇಜಿನ ಅಧ್ಯಾಪಕಿ ಐಡಾ ಲೂ ಆಂಡರ್‌ಸನ್ ಅವರ ಬಳಿಯಲ್ಲಿ. ಬಾಲ್ಯದಲ್ಲಿ ಪೋಲಿಯೋ ತಗುಲಿ ದೇಹ ಜರ್ಜರಿತವಾಗಿದ್ದ ಈ ವಿದುಷಿ ಮಾತಿಗೆ ಮೊದಲು ಅರ್ಥದ ಸ್ಪಷ್ಟತೆ, ಅನಂತರ ದನಿಯ ಸಂಯಮ ಎಂಬ ಕ್ರಮದಲ್ಲಿ ಶಿಷ್ಯನನ್ನು ತಿದ್ದಿದರು. ಯುದ್ಧಕಾಲದಲ್ಲಿ ಲಂಡನ್ನಿನಿಂದ ಮಾತನಾಡುತ್ತಿದ್ದಾಗ ಮರೋ ತಮ್ಮ ಆರಂಭದ ಪದದ ಬಳಿಕ ಕ್ಷಣಕಾಲ ನಿಲ್ಲುತ್ತಿದ್ದುದು ಅವರದೇ ಮುದ್ರೆಯಾಯಿತು. ಆ ನಿಲುಗಡೆಯನ್ನು ಸೂಚಿಸಿದವರೂ ಈ ಗುರುವೇ.

ಎರಡನೆಯ ಪಾಠಶಾಲೆ ನ್ಯೂಯಾರ್ಕಿನ ಅಂತರರಾಷ್ಟ್ರೀಯ ಶಿಕ್ಷಣ ಸಂಸ್ಥೆ. 1932ರಲ್ಲಿ ಅಲ್ಲಿ ಸಹಾಯಕ ನಿರ್ದೇಶಕರಾದ ಮರೋ, ಹಿಟ್ಲರನ ಆಳ್ವಿಕೆಯಲ್ಲಿ ನೆಲೆ ಕಳೆದುಕೊಂಡ ವಿದ್ವಾಂಸರಿಗೆ ಅಮೆರಿಕದಲ್ಲಿ ಆಶ್ರಯ ಕಲ್ಪಿಸುವ ಸಮಿತಿಯ ಕೆಲಸದಲ್ಲಿ ತೊಡಗಿದರು. ಅಭಿಪ್ರಾಯಕ್ಕಾಗಿ, ಜನಾಂಗಕ್ಕಾಗಿ ಮನುಷ್ಯನನ್ನು ಪೀಠದಿಂದ ಕಿತ್ತೊಗೆಯುವ ರಾಜಕಾರಣದ ಪರಿಚಯ ಅವರಿಗಾದುದು ವರದಿಗಾರಿಕೆಗೆ ಮೊದಲೇ, ನಿರಾಶ್ರಿತರ ಅರ್ಜಿಗಳ ಮೂಲಕ ಎಂಬುದು ಗಮನಾರ್ಹ.

1935ರಲ್ಲಿ ಸಿಬಿಎಸ್ ಬಾನುಲಿ ಜಾಲದ ಭಾಷಣ ವಿಭಾಗದ ನಿರ್ದೇಶಕರಾಗಿ ಸೇರಿದ ಮರೋ 1937ರಲ್ಲಿ ಲಂಡನ್ನಿಗೆ ಹೋದರು. ಭಾಷಣಕಾರರನ್ನು ಗೊತ್ತುಮಾಡುವುದು ಅವರ ಕೆಲಸವಾಗಿತ್ತೇ ಹೊರತು ಸುದ್ದಿ ಓದುವುದಲ್ಲ. 1938ರ ಮಾರ್ಚ್‌ನಲ್ಲಿ ಹಿಟ್ಲರನ ಸೇನೆ ಆಸ್ಟ್ರಿಯವನ್ನು ನುಂಗಿದಾಗ, ಪೋಲೆಂಡಿನಲ್ಲಿದ್ದ ಮರೋ ಹೊರಟು, ವಿಮಾನವೊಂದನ್ನೇ ಬಾಡಿಗೆಗೆ ಹಿಡಿದು ವಿಯೆನ್ನಾ ತಲುಪಿದರು. 13ರ ರಾತ್ರಿ ಯುರೋಪಿನ ಹಲವು ನಗರಗಳಿಂದ ಒಂದೇ ಕಾರ್ಯಕ್ರಮದಲ್ಲಿ ಸುದ್ದಿ ಬಿತ್ತರವಾಯಿತು. ಬಾನುಲಿ ವಾರ್ತೆಯ ಸ್ವರೂಪವೇ ಅಂದು ಬದಲಾಯಿತು.

1940ರಲ್ಲಿ ಲಂಡನ್ನಿನ ಮೇಲೆ ಬಾಂಬುಗಳು ಸುರಿಯುತ್ತಿದ್ದಾಗ ಮರೋ ಮಾಳಿಗೆಯ ಮೇಲೆ ನಿಂತು ಕಂಡುದನ್ನು ಕಂಡಂತೆ ವರ್ಣಿಸಿದರು. 1943ರ ಡಿಸೆಂಬರಿನಲ್ಲಿ ಬರ್ಲಿನ್ ಮೇಲೆ ದಾಳಿಗೆ ಹೊರಟ ಬಾಂಬರ್ ವಿಮಾನದಲ್ಲಿ ತಾವೂ ಹಾರಿದರು. 1945ರ ಏಪ್ರಿಲ್‌ನಲ್ಲಿ ಬುಖೆನ್‌ವಾಲ್ಡ್ ಸೆರೆಶಿಬಿರವನ್ನು ಹೊಕ್ಕು ಅಲ್ಲಿನ ಹೆಣಗಳ ರಾಶಿಯನ್ನೂ ಬದುಕುಳಿದವರ ಅಸ್ಥಿಪಂಜರಗಳನ್ನೂ ಕುರಿತು ಮಾತನಾಡಿದಾಗ ವಿಶೇಷಣಗಳನ್ನು ಆದಷ್ಟು ಕೈಬಿಟ್ಟರು. ಇದೇ ವರ್ಷಗಳಲ್ಲಿ ಎರಿಕ್ ಸೆವರೈಡ್, ಚಾರ್ಲ್ಸ್ ಕಾಲಿಂಗ್‌ವುಡ್, ಹೋವರ್ಡ್ ಕೆ. ಸ್ಮಿತ್ ಮೊದಲಾದ ತರುಣರನ್ನು ಅವರು ಆರಿಸಿ ಬೆಳೆಸಿದರು. ಕಂಠಮಾಧುರ್ಯಕ್ಕಿಂತ ವಿಷಯಜ್ಞಾನವನ್ನೂ ಸ್ವತಂತ್ರ ಆಲೋಚನೆಯನ್ನೂ ನೋಡಿ ಆರಿಸಿದ ಈ ಬಳಗವೇ ಒಂದು ಪತ್ರಿಕೋದ್ಯಮ ಶಾಲೆಯಾಯಿತು.

ಟೆಲಿವಿಷನ್ ಬಗೆಗೆ ಮರೋ ಅವರಿಗೆ ಆರಂಭದಲ್ಲಿ ಒಲವಿರಲಿಲ್ಲ. ಆದರೂ 1951ರ ನವೆಂಬರ್ 18ರಂದು ಫ್ರೆಡ್ ಫ್ರೆಂಡ್ಲಿ ಅವರೊಡಗೂಡಿ 'ಸೀ ಇಟ್ ನೌ' ಸಾಪ್ತಾಹಿಕವನ್ನು ಆರಂಭಿಸಿದರು. ಅಟ್ಲಾಂಟಿಕ್ ಮತ್ತು ಪೆಸಿಫಿಕ್ ತೀರಗಳನ್ನು ಏಕಕಾಲದಲ್ಲಿ ಕಿರುತೆರೆಗೆ ತಂದ ಕಾರ್ಯಕ್ರಮವದು. ಸೆನೆಟರ್ ಜೋಸೆಫ್ ಮೆಕಾರ್ಥಿ ಕಮ್ಯೂನಿಸ್ಟರನ್ನು ಹುಡುಕುವ ನೆಪದಲ್ಲಿ ಪುರಾವೆಯಿಲ್ಲದ ಆರೋಪಗಳಿಂದ ನೂರಾರು ಜನರ ಬದುಕನ್ನು ಕೆಡಿಸುತ್ತಿದ್ದ ಕಾಲ ಅದು. 1953ರ ಅಕ್ಟೋಬರಿನಲ್ಲಿ ಮರೋ, ತಂದೆ ಮತ್ತು ಸೋದರಿಯ ನಿಲುವುಗಳ ಕಾರಣಕ್ಕೆ ವಾಯುಪಡೆಯಿಂದ ಹೊರಹಾಕಲು ತೀರ್ಮಾನಿಸಲಾಗಿದ್ದ ಮೈಲೋ ರಾಡುಲೋವಿಚ್ ಎಂಬ ಅಧಿಕಾರಿಯ ಕಥೆಯನ್ನು ತೋರಿಸಿದರು. ಮರುತಿಂಗಳೇ ವಾಯುಪಡೆ ತನ್ನ ನಿರ್ಣಯವನ್ನು ಹಿಂತೆಗೆದುಕೊಂಡಿತು.

1954ರ ಮಾರ್ಚ್ 9ರ ಕಾರ್ಯಕ್ರಮ ಮೆಕಾರ್ಥಿಯವರನ್ನೇ ಕುರಿತದ್ದು. ಸಂಸ್ಥೆ ಜಾಹೀರಾತಿಗೆ ಹಣ ಕೊಡದಿದ್ದಾಗ ಮರೋ ಮತ್ತು ಫ್ರೆಂಡ್ಲಿ ಸ್ವಂತ ಹಣದಿಂದ ಪತ್ರಿಕಾ ಪ್ರಕಟಣೆ ಕೊಟ್ಟರು. ಸೆನೆಟರರ ಮಾತುಗಳನ್ನೇ ಅವರ ಎದುರು ಸಾಕ್ಷಿಯಾಗಿ ನಿಲ್ಲಿಸಿ, ಕಡೆಯಲ್ಲಿ ಮರೋ ತಮ್ಮ ತೀರ್ಮಾನವನ್ನೂ ಹೇಳಿದರು. ಪ್ರಸಾರ ಮುಗಿದೊಡನೆ ದೂರವಾಣಿ ಕರೆಗಳು, ತಂತಿಗಳು, ಪತ್ರಗಳು ಸಹಸ್ರ ಸಂಖ್ಯೆಯಲ್ಲಿ ಹರಿದುಬಂದವು. ಸುಮಾರು 15 ಜನ ಮೆಚ್ಚಿದರೆ ಒಬ್ಬರು ಖಂಡಿಸಿದ್ದರು. ಏಪ್ರಿಲ್ 6ರಂದು ಉತ್ತರಿಸಲು ಮೆಕಾರ್ಥಿಯವರಿಗೂ ಅದೇ ಕಾರ್ಯಕ್ರಮದಲ್ಲಿ ಅವಕಾಶ ನೀಡಲಾಯಿತು. ಗ್ಯಾಲಪ್ ಸಮೀಕ್ಷೆಯಲ್ಲಿ ಜನವರಿಯಲ್ಲಿ ಶೇ. 50ರಷ್ಟಿದ್ದ ಮೆಕಾರ್ಥಿಯವರ ಜನಪ್ರಿಯತೆ ಜೂನ್ ವೇಳೆಗೆ ಶೇ. 34ಕ್ಕೆ ಇಳಿಯಿತು, ಡಿಸೆಂಬರ್ 2ರಂದು ಸೆನೆಟ್ ಅವರ ವಿರುದ್ಧ ಖಂಡನಾ ನಿರ್ಣಯ ಸ್ವೀಕರಿಸಿತು.

ಈ ಪತನದ ಶ್ರೇಯಸ್ಸನ್ನೆಲ್ಲ ಮರೋ ಒಬ್ಬರಿಗೇ ಸಲ್ಲಿಸುವುದು ಚರಿತ್ರೆಗೆ ಅಪಚಾರವಾದೀತು. ಅನೇಕ ಪತ್ರಕರ್ತರು ಅವರಿಗಿಂತ ಮೊದಲೇ ಮೆಕಾರ್ಥಿಯವರನ್ನು ಎದುರಿಸಿದ್ದರು. ಸೇನೆಯೊಡನೆ ನಡೆದ ವಿವಾದದ ವಿಚಾರಣೆಯ ನೇರಪ್ರಸಾರವೂ ಜನಾಭಿಪ್ರಾಯವನ್ನು ಬದಲಿಸಿತು. ಇಂಥ ಪ್ರಬಲ ಸಾಧನದ ಮೂಲಕ ಪ್ರಸಾರಕ ತನ್ನ ಅಭಿಪ್ರಾಯವನ್ನು ಹೇಳಬಹುದೇ ಎಂದು ಮೆಕಾರ್ಥಿ ವಿರೋಧಿಗಳಲ್ಲಿಯೂ ಕೆಲವರು ಶಂಕಿಸಿದರು. ಆ ಶಂಕೆ ನಿರಾಧಾರವಾದುದಲ್ಲ.

ಪ್ರೇಕ್ಷಕರ ಮೆಚ್ಚುಗೆಯ ಇನ್ನೊಂದು ಮುಖವನ್ನೂ ಮರೋ ಬಹುಬೇಗ ಕಂಡರು. 1955ರ ಜೂನ್ 7ರಂದು ಅವರ ಕಾರ್ಯಕ್ರಮಕ್ಕೆ ಮುಂಚಿನ ಅರ್ಧ ಗಂಟೆಯಲ್ಲಿ 64,000 ಡಾಲರ್ ಬಹುಮಾನದ ರಸಪ್ರಶ್ನೆ ಆರಂಭವಾಗಿ ದೇಶವನ್ನೇ ಮರುಳುಗೊಳಿಸಿತು. ಅದೇ ವರ್ಷ ಅವರ ಪ್ರಾಯೋಜಕರು ಹಿಂದೆ ಸರಿದರು. ಸಾಪ್ತಾಹಿಕ ಅನಿಯತವಾಗಿ, 1958ರಲ್ಲಿ ನಿಂತುಹೋಯಿತು. ಗಣ್ಯರ ಮನೆಗಳನ್ನು ತೋರಿಸುವ ಅವರ 'ಪರ್ಸನ್ ಟು ಪರ್ಸನ್' ಹೆಚ್ಚು ಜನಪ್ರಿಯವಾಗಿದ್ದುದೂ ಇಲ್ಲಿ ನೆನೆಯತಕ್ಕದ್ದು. ಅದೇ ವರ್ಷದ ಅಕ್ಟೋಬರಿನಲ್ಲಿ ಅವರ 'ಸ್ಮಾಲ್ ವರ್ಲ್ಡ್' ಸಂವಾದ ಆರಂಭವಾಯಿತು. ಅದರ ಮೊದಲ ಕಂತಿನಲ್ಲಿ ಜವಾಹರಲಾಲ್ ನೆಹರು ಮತ್ತು ಆಲ್ಡಸ್ ಹಕ್ಸ್ಲೀ ಪಾಲ್ಗೊಂಡಿದ್ದರು. ಅಕ್ಟೋಬರ್ 15ರಂದು ಷಿಕಾಗೋದಲ್ಲಿ ಪ್ರಸಾರ ಸುದ್ದಿ ನಿರ್ದೇಶಕರ ಸಭೆಯಲ್ಲಿ ಮಾತನಾಡುತ್ತ ಮರೋ, ಲಾಭಕ್ಕಾಗಿ ಜನರನ್ನು ರಂಜನೆಯಲ್ಲಿ ಮೈಮರೆಸುತ್ತಿರುವ ತಮ್ಮ ಉದ್ಯಮವನ್ನೇ ನಿಷ್ಠುರವಾಗಿ ವಿಮರ್ಶಿಸಿದರು. ಗಂಭೀರ ವಿಷಯವನ್ನು ಜನ ಒಲ್ಲರೆಂಬ ಉದ್ಯಮಪತಿಗಳ ನಂಬಿಕೆಯನ್ನು ಅವರು ಒಪ್ಪಲಿಲ್ಲ.

ವಲಸೆ ಕೃಷಿಕಾರ್ಮಿಕರ ದುಃಸ್ಥಿತಿಯನ್ನು ಕುರಿತ 'ಹಾರ್ವೆಸ್ಟ್ ಆಫ್ ಶೇಮ್' 1960ರ ನವೆಂಬರಿನಲ್ಲಿ ಪ್ರಸಾರವಾಯಿತು. ಮರುವರ್ಷ ಅಧ್ಯಕ್ಷ ಕೆನಡಿಯವರ ಆಹ್ವಾನದಂತೆ ಮರೋ ಅಮೆರಿಕದ ವಾರ್ತಾ ಇಲಾಖೆಯ ನಿರ್ದೇಶಕರಾದರು. ಆ ಸ್ಥಾನದಲ್ಲಿದ್ದುಕೊಂಡು ತಮ್ಮದೇ ಸಾಕ್ಷ್ಯಚಿತ್ರವನ್ನು ಪ್ರಸಾರ ಮಾಡದಂತೆ ಬಿಬಿಸಿಯನ್ನು ಕೋರಿದುದು ಅವರ ಜೀವನದ ಕಪ್ಪುಚುಕ್ಕೆ. ಬಿಬಿಸಿ ಆ ಕೋರಿಕೆಯನ್ನು ಮನ್ನಿಸಲಿಲ್ಲ. ಅಧಿಕಾರದ ಸಾಮೀಪ್ಯ ಎಂಥ ಪತ್ರಕರ್ತನನ್ನೂ ಎಡವಿಸಬಲ್ಲುದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಸಿಗರೇಟಿನಿಂದ ಎಂದೂ ಬಿಡುಗಡೆ ಪಡೆಯದ ಮರೋ ಶ್ವಾಸಕೋಶದ ಅರ್ಬುದಕ್ಕೆ ತುತ್ತಾಗಿ 1965ರ ಏಪ್ರಿಲ್ 27ರಂದು ತೀರಿಕೊಂಡರು. ಆಗ ಅವರ ವಯಸ್ಸು 57. ಪತ್ರಿಕೋದ್ಯಮವನ್ನು ತರಗತಿಯಲ್ಲಿ ಕಲಿಯದ ಅವರ ಹೆಸರನ್ನೇ ಅವರು ಓದಿದ ಸಂಸ್ಥೆ ತನ್ನ ಸಂವಹನ ಕಾಲೇಜಿಗೆ ಇಟ್ಟಿದೆ. ತಂತ್ರವನ್ನು ಕೆಲಸದಲ್ಲಿ ಕಲಿಯಬಹುದು. ಆದರೆ ಭಾಷೆಯ ಶಿಸ್ತು, ಚರಿತ್ರೆಯ ಅರಿವು, ಪರರ ಸಂಕಟದ ಪರಿಚಯ ಇವು ಮೊದಲೇ ಕೂಡಿಬಂದಿರಬೇಕೆಂಬುದನ್ನು ಅವರ ಬದುಕು ತೋರುತ್ತದೆ. ಪ್ರೇಕ್ಷಕರ ಅಭಿಪ್ರಾಯವನ್ನು ಅವರು ಗೌರವದಿಂದ ಆಲಿಸಿದರು. ಆದರೆ ಏನನ್ನು ತೋರಿಸಬೇಕೆಂಬ ಹೊಣೆಯನ್ನು ಅದರ ಮೇಲೆ ಹೊರಿಸಿ ತಾವು ನುಣುಚಿಕೊಳ್ಳಲಿಲ್ಲ.