ಭದ್ರಾವತಿ ಕೊಪ್ಪಕ್ಕೆ ಹೋದ ಕಥೆ, ಮತ್ತು ವಿಲಿಯಂ ಲ್ಯಾಂಬ್ಟನ್

ಕಳೆದ ರಜೆಯಲ್ಲಿ ನಾವು ಐದು ಜನ ಕೆಮ್ಮಣ್ಣುಗುಂಡಿಗೆ ಬೈಕ್ ಟ್ರಿಪ್ ಪ್ಲಾನ್ ಮಾಡಿದೆವು. ಬೆಳಿಗ್ಗೆ ಆರು ಗಂಟೆಗೆ ಭದ್ರಾವತಿಯಲ್ಲಿ ಸೇರೋದು ಅಂತ ತೀರ್ಮಾನ ಆಯ್ತು. ರೂಟ್ ಫೈಲ್ ಮಾಡುವ ಕೆಲಸ ಒಬ್ಬ ಗೆಳೆಯ ವಹಿಸಿಕೊಂಡ. ನಾನು ದೊಡ್ಡ ಸರ್ವೇಯರ್ ಥರ ಊರಿನ ಸ್ಥಾನವನ್ನು ಚೀಟಿಯಲ್ಲಿ ಬರೆದುಕೊಟ್ಟೆ: 13 ಡಿಗ್ರಿ 50 ಮಿನಿಟು ಉತ್ತರ, 75 ಡಿಗ್ರಿ 42 ಮಿನಿಟು ಪೂರ್ವ. ಅವನು ಆ್ಯಪಿನಲ್ಲಿ 13.50, 75.42 ಅಂತ ಒತ್ತಿದ. ಪಿನ್ ಹೋಗಿ ಕೊಪ್ಪದ ಹತ್ತಿರ ಬಿತ್ತು. ನೇರ ಗೆರೆ ಎಳೆದರೂ ನಮ್ಮೂರಿಂದ ಸುಮಾರು 48 ಕಿಲೋಮೀಟರ್.

ತಪ್ಪು ಏನು ಅಂತ ನಿಮಗೆ ಗೊತ್ತಾಗಿರುತ್ತೆ. ಮಿನಿಟು ಅಂದರೆ ಡಿಗ್ರಿಯ ಅರವತ್ತನೇ ಒಂದು ಭಾಗ. 50 ಮಿನಿಟು ಅಂದರೆ 0.83 ಡಿಗ್ರಿ, 0.50 ಅಲ್ಲ. 13.83, 75.70 ಅಂತ ಹಾಕಬೇಕಿತ್ತು. ಸರಿ ಮಾಡಿ ಇನ್ನೊಂದು ಸಾಫ್ಟ್‌ವೇರಿಗೆ ಹಾಕಿದರೆ ಪಿನ್ ನಾರ್ವೆಗಿಂತ ಮೇಲೆ, ಹಿಮಸಾಗರದಲ್ಲಿ ಬಿತ್ತು. ಆ ಫೈಲ್ ಫಾರ್ಮ್ಯಾಟಿನಲ್ಲಿ ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ. ಕೆಎಂಎಲ್, ಜಿಯೋಜೇಸನ್ ಎರಡೂ ಹಾಗೇ. ಗೂಗಲ್ ಮ್ಯಾಪ್ಸ್‌ನಲ್ಲಿ ಟೈಪ್ ಮಾಡುವಾಗ ಅಕ್ಷಾಂಶ ಮೊದಲು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಸಿವಿಲ್ ಓದುವವನು ನಾನೇ ಆಗಿದ್ದರಿಂದ ಸ್ವಲ್ಪ ಜಾಸ್ತಿ ನೋವಾಯ್ತು. ಈ ಅಂಕಿಗಳು ನಮ್ಮ ಕಡೆಗೆ ಎಲ್ಲಿಂದ ಬಂದವು ಅಂತ ಹುಡುಕುತ್ತಾ ಹೋದಾಗ ಸಿಕ್ಕಿದವನು ವಿಲಿಯಂ ಲ್ಯಾಂಬ್ಟನ್. ಸರ್ವೆ ಪುಸ್ತಕದಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುವ ಹೆಸರು.

ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ ಒಂದು ಸಾಧಾರಣ ಮನೆಯಲ್ಲಿ ಹುಟ್ಟಿದವನು. ಹುಟ್ಟಿದ ವರ್ಷ ಒಂದೊಂದು ಪುಸ್ತಕದಲ್ಲಿ ಒಂದೊಂದು ಥರ ಇದೆ. ಅರ್ಧ ಭಾರತದ ಊರುಗಳು ಎಲ್ಲಿವೆ ಅಂತ ಸೆಕೆಂಡಿನ ಲೆಕ್ಕದಲ್ಲಿ ಹೇಳಿದವನ ಹುಟ್ಟಿದ ವರ್ಷವೇ ಗ್ಯಾರಂಟಿ ಇಲ್ಲ! ಲೆಕ್ಕದಲ್ಲಿ ಜಾಣ. 1781ರಲ್ಲಿ ಸೈನ್ಯದ ಕೆಳಗಿನ ದರ್ಜೆಯ ಅಧಿಕಾರಿಯಾಗಿ ಅಮೆರಿಕಾದ ಯುದ್ಧಕ್ಕೆ ಹೋದ. ಯಾರ್ಕ್‌ಟೌನ್‌ನಲ್ಲಿ ಬ್ರಿಟಿಷರು ಸೋತಾಗ ಸೆರೆ ಸಿಕ್ಕ. ಆಮೇಲೆ ಕೆನಡಾ ಕಡೆ ಸುಮಾರು ಹದಿಮೂರು ವರ್ಷ ಬ್ಯಾರಕ್ ನೋಡಿಕೊಳ್ಳುವ ಸಣ್ಣ ಕೆಲಸ. ಬಿಡುವಿನಲ್ಲಿ ಗಣಿತ, ಖಗೋಳ ಓದುತ್ತಿದ್ದ. ಸೂರ್ಯಗ್ರಹಣವನ್ನು ಬರಿಗಣ್ಣಲ್ಲಿ ನೋಡಿ ಒಂದು ಕಣ್ಣಿನ ದೃಷ್ಟಿ ಕಳೆದುಕೊಂಡದ್ದು ಅಲ್ಲೇ ಅನ್ನುತ್ತಾರೆ. ಮುಂದೆ ಇಪ್ಪತ್ತು ವರ್ಷ ದುರ್ಬೀನಿನಲ್ಲಿ ನೋಡುವುದೇ ಕೆಲಸವಾದ ಮನುಷ್ಯ ಅದನ್ನೆಲ್ಲ ಉಳಿದ ಒಂದು ಕಣ್ಣಿನಲ್ಲಿ ಮಾಡಿದ.

ಭಾರತಕ್ಕೆ ಬಂದಾಗ ವಯಸ್ಸು ನಲವತ್ತು ದಾಟಿತ್ತು. ಅವನ ರೆಜಿಮೆಂಟಿನ ಕರ್ನಲ್ ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದವನು. ಅಲ್ಲಿಂದ ಲ್ಯಾಂಬ್ಟನ್ ನಮ್ಮ ಕಥೆಯೊಳಗೆ ಬರುತ್ತಾನೆ, ಅದೂ ಶತ್ರುವಿನ ಕಡೆಯಿಂದ. 1799ರಲ್ಲಿ ಶ್ರೀರಂಗಪಟ್ಟಣದ ಮೇಲೆ ಬಂದ ಸೈನ್ಯದಲ್ಲಿ ಅವನಿದ್ದ. ಏಪ್ರಿಲ್ ತಿಂಗಳ ಒಂದು ರಾತ್ರಿ ಜನರಲ್ ಬೇರ್ಡ್‌ನ ಪಡೆ ಸುಲ್ತಾನ್‌ಪೇಟೆ ತೋಪಿನ ಕಡೆಗೆ ಹೋಗಿ ವಾಪಸ್ ಬರುತ್ತಿತ್ತು. ಕತ್ತಲು. ಲ್ಯಾಂಬ್ಟನ್ ನಕ್ಷತ್ರಗಳನ್ನು ನೋಡಿ, ನಾವು ದಕ್ಷಿಣಕ್ಕೆ ಹೋಗ್ತಾ ಇಲ್ಲ, ಉತ್ತರಕ್ಕೆ, ನೇರ ಟಿಪ್ಪುವಿನ ಕಡೆಗೇ ಹೋಗ್ತಾ ಇದ್ದೀವಿ ಅಂತ ಜನರಲ್‌ಗೆ ಹೇಳಿದ. ಜನರಲ್ ನಂಬಲಿಲ್ಲ. ಕೊನೆಗೆ ದಿಕ್ಸೂಚಿ ತೆಗೆದು ನೋಡಿದರೆ ಲ್ಯಾಂಬ್ಟನ್ ಹೇಳಿದ್ದೇ ಸರಿ. ಆ ರಾತ್ರಿ ಅವನ ಮಾತು ಯಾರೂ ಕೇಳದೇ ಇದ್ದಿದ್ದರೆ ಈ ಲೇಖನವೂ ಇರುತ್ತಿರಲಿಲ್ಲವೇನೋ.

ಮೇ 4ಕ್ಕೆ ಕೋಟೆ ಬಿತ್ತು. ಆ ಗಲಾಟೆಯಲ್ಲಿ ಸೆರೆಮನೆಯಿಂದ ತಪ್ಪಿಸಿಕೊಂಡವನು ಚನ್ನಗಿರಿಯ ಧೋಂಡಿಯ ವಾಘ್, ನಮ್ಮ ಕಡೆಯವನು. ಬಿದನೂರು, ಶಿಕಾರಿಪುರ ಸುತ್ತ ಪಡೆ ಕಟ್ಟಿಕೊಂಡು ಒಂದು ವರ್ಷಕ್ಕೂ ಮಿಕ್ಕಿ ವೆಲ್ಲೆಸ್ಲಿಯನ್ನು ಓಡಾಡಿಸಿದ. 1800ರ ಸೆಪ್ಟೆಂಬರ್‌ನಲ್ಲಿ ಹತನಾದ. ಅವನಿಗೆ ನಕ್ಷೆ ಬೇಕಿರಲಿಲ್ಲ, ಊರೂರು ಗೊತ್ತಿತ್ತು. ಅಟ್ಟಿಸಿಕೊಂಡು ಬಂದವರಿಗೆ ಗೊತ್ತಿರಲಿಲ್ಲ. ಮೈಸೂರಿನ ನೆಲವನ್ನು ಅಳೆಯಬೇಕು ಅಂತ ಕಂಪನಿಗೆ ಆತುರ ಹುಟ್ಟಿದ್ದು ಇಂಥ ಕಾರಣಗಳಿಗೆ: ಕಂದಾಯ, ಸೈನ್ಯ, ಗಡಿ. ಭದ್ರಾವತಿಗೆ ಆಗ ಬೆಂಕಿಪುರ ಅಂತ ಹೆಸರು. ಅದೂ ಈ ಲೆಕ್ಕದೊಳಗೆ ಬಂತು. ಇದನ್ನು ಬರೆಯದೆ ಲ್ಯಾಂಬ್ಟನ್‌ನನ್ನು ಬರೀ ವಿಜ್ಞಾನಿ ಅಂತ ಹೊಗಳೋದು ನನಗೆ ಸರಿ ಅನ್ನಿಸಲಿಲ್ಲ.

ಮೈಸೂರಿನ ಊರು, ಕೆರೆ, ಹಳ್ಳ ಎಲ್ಲದರ ವಿವರವಾದ ನಕ್ಷೆ ಮಾಡುವ ಕೆಲಸ ಕಾಲಿನ್ ಮೆಕೆಂಜಿಗೆ ಹೋಯಿತು. ಲ್ಯಾಂಬ್ಟನ್ ಕೇಳಿದ್ದು ಬೇರೆ. ಮೊದಲು ದೇಶದ ಅಸ್ಥಿಪಂಜರ ಸರಿ ಇರಲಿ, ಪೂರ್ವ ಕರಾವಳಿಯಿಂದ ಪಶ್ಚಿಮ ಕರಾವಳಿವರೆಗೆ ಕೆಲವು ಬಿಂದುಗಳನ್ನು ಅಲುಗಾಡದ ಹಾಗೆ ನಿಲ್ಲಿಸೋಣ, ಜೊತೆಗೆ ಭೂಮಿಯ ಆಕಾರವನ್ನೂ ಅಳೆಯೋಣ ಅನ್ನೋದು ಅವನ ವಾದ. ಮದರಾಸಿನ ಹಣಕಾಸು ಸಮಿತಿಯ ಒಬ್ಬ ಸದಸ್ಯನಿಗೆ ಇದು ದುಡ್ಡು ದಂಡ ಅನ್ನಿಸಿತಂತೆ. ಶ್ರೀರಂಗಪಟ್ಟಣಕ್ಕೆ ಹೋಗಬೇಕಾದವನು ಪಲ್ಲಕ್ಕಿ ಹೊರುವ ಬೋಯಿಗಳಿಗೆ ಹೇಳಿದರೆ ಸಾಕು, ಅವರೇ ಕರೆದುಕೊಂಡು ಹೋಗುತ್ತಾರೆ, ನಕ್ಷೆ ಯಾಕೆ ಅನ್ನೋದು ಅವನ ಪ್ರಶ್ನೆ. ನನ್ನ ಅಜ್ಜಿ ಗೂಗಲ್ ಮ್ಯಾಪ್ಸ್ ಬಗ್ಗೆ ಹೇಳೋದೂ ಹೆಚ್ಚು ಕಡಿಮೆ ಇದನ್ನೇ. ಆದರೂ ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಣ್ಣನೇ ಆಗಿದ್ದರಿಂದ ಒಪ್ಪಿಗೆ ಸಿಕ್ಕಿತು.

ಸಾಮಾನು ಸೇರಿದ ರೀತಿಯೇ ಒಂದು ಸಿನಿಮಾ. ನೂರು ಅಡಿಯ ಉಕ್ಕಿನ ಸರಪಳಿ ಬ್ರಿಟಿಷ್ ರಾಯಭಾರಿ ಚೀನಾದ ಚಕ್ರವರ್ತಿಗೆ ಅಂತ ಒಯ್ದ ಕಾಣಿಕೆಗಳಲ್ಲಿ ಒಂದು. ಅವರು ಬೇಡ ಅಂದಿದ್ದರಿಂದ ಕಲ್ಕತ್ತಾಕ್ಕೆ ಬಂದು ಮಾರಾಟವಾಗಿ ಇವನ ಕೈ ಸೇರಿತು. ಅರ್ಧ ಟನ್ ತೂಕದ ದೊಡ್ಡ ಥಿಯೋಡಲೈಟ್ ಇಂಗ್ಲೆಂಡಿನಿಂದ ಬರುವ ದಾರಿಯಲ್ಲಿ ಫ್ರೆಂಚರ ಕೈಗೆ ಸಿಕ್ಕಿ ಮಾರಿಷಸ್‌ಗೆ ಹೋಯಿತು. ವಿಜ್ಞಾನದ ಉಪಕರಣ ಅಂತ ತಿಳಿದು ಅವರು ಮರ್ಯಾದೆಯಿಂದ ಮದರಾಸಿಗೆ ಕಳಿಸಿಕೊಟ್ಟರು.

1800ರ ಕೊನೆಯಲ್ಲಿ ಬೆಂಗಳೂರಿನ ಹತ್ತಿರ ಮೊದಲ ಬೇಸ್‌ಲೈನ್ ಅಳೆದ, ಸುಮಾರು ಏಳೂವರೆ ಮೈಲಿ. ದೊಡ್ಡ ಥಿಯೋಡಲೈಟ್ ಬಂದ ವರ್ಷ, ಅಂದರೆ 1802ರಲ್ಲಿ, ಮದರಾಸಿನ ಸೇಂಟ್ ಥಾಮಸ್ ಮೌಂಟ್ ಹತ್ತಿರ ಮತ್ತೆ ಹೊಸದಾಗಿ ಶುರು ಮಾಡಿದ. ವಿಧಾನ ನಮ್ಮ ಪಿಯುಸಿ ಗಣಿತವೇ. ತ್ರಿಕೋನದ ಒಂದು ಬದಿ ಗೊತ್ತು, ಎರಡು ಕೋನ ಅಳೆದರೆ ಸೈನ್ ನಿಯಮದಿಂದ ಉಳಿದ ಬದಿಗಳು ಸಿಗುತ್ತವೆ. ಆ ಬದಿಯ ಮೇಲೆ ಇನ್ನೊಂದು ತ್ರಿಕೋನ, ಅದರ ಮೇಲೆ ಮತ್ತೊಂದು. ಬೆಟ್ಟದಿಂದ ಬೆಟ್ಟಕ್ಕೆ, ಸಮುದ್ರದಿಂದ ಸಮುದ್ರಕ್ಕೆ. ಹೇಳೋಕೆ ಸುಲಭ. ಮೊದಲ ಬದಿಯಲ್ಲಿ ತಪ್ಪಿದರೆ ಆ ತಪ್ಪು ಎಲ್ಲ ತ್ರಿಕೋನಗಳಿಗೂ ಹರಿಯುತ್ತೆ. ಉಕ್ಕು ಬಿಸಿಲಿಗೆ ಹಿಗ್ಗುತ್ತೆ ಅಂತ ಓದಿದ್ದೀವಲ್ಲ, ನಾನು ಲೆಕ್ಕ ಹಾಕಿ ನೋಡಿದೆ. ಏಳೂವರೆ ಮೈಲಿ ಅಳೆಯುವಾಗ ಸರಪಳಿಯ ತಾಪಮಾನವನ್ನು 10 ಡಿಗ್ರಿ ಸೆಲ್ಸಿಯಸ್ ತಪ್ಪಾಗಿ ಹಿಡಿದರೆ ಉದ್ದದಲ್ಲಿ ನಾಲ್ಕೂವರೆ ಅಡಿ ವ್ಯತ್ಯಾಸ ಬರುತ್ತೆ. ಅದಕ್ಕೇ ಸರಪಳಿಯನ್ನು ನೆಲಕ್ಕೆ ತಾಗದ ಹಾಗೆ ಮರದ ಪೆಟ್ಟಿಗೆಗಳಲ್ಲಿ ಮಲಗಿಸಿ, ಥರ್ಮಾಮೀಟರ್ ನೋಡುತ್ತಾ, ನೂರು ನೂರು ಅಡಿಯಾಗಿ ಮುಂದೆ ಸಾಗಿದರು. ನಾವು ಲ್ಯಾಬಿನಲ್ಲಿ ಟೇಪ್ ಹಿಡಿದು ಎರಡೇ ರೀಡಿಂಗ್ ತಗೊಂಡು ಮೂರನೆಯದನ್ನು ಅಂದಾಜಲ್ಲಿ ಬರೆಯುತ್ತೀವಿ. ನಾನೊಬ್ಬನೇ ಅಲ್ಲ ಅಂದುಕೊಂಡಿದ್ದೀನಿ.

ಪರೀಕ್ಷೆ ಬಂದದ್ದು 1804ರಲ್ಲಿ. ಮದರಾಸಿನ ಗೆರೆಯಿಂದ ಹೊರಟ ತ್ರಿಕೋನಗಳು ಬೆಂಗಳೂರಿಗೆ ಬಂದಿದ್ದವು. ಇಲ್ಲಿನ ಬೇಸ್‌ಲೈನ್ ಎಷ್ಟು ಉದ್ದ ಇರಬೇಕು ಅಂತ ಕಾಗದದ ಮೇಲೆ ಲೆಕ್ಕ ಬಂತು. ಅವನ ಸಹಾಯಕ ವಾರನ್ ನೆಲದ ಮೇಲೆ ಸರಪಳಿ ಹಾಕಿ ಅಳೆದ. ಲೆಕ್ಕಕ್ಕೂ ಅಳತೆಗೂ ವ್ಯತ್ಯಾಸ 3.7 ಇಂಚು. ನನ್ನ ಫೋನಿಗಿಂತ ಚಿಕ್ಕದು! ಅದೇ ಫೋನಿನ ಜಿಪಿಎಸ್ ತೆರೆದ ಬಯಲಿನಲ್ಲೇ ಐದಾರು ಮೀಟರ್ ಆಚೆ ಈಚೆ ತೋರಿಸುತ್ತೆ.

ತ್ರಿಕೋನಗಳು ಮಂಗಳೂರು ಕರಾವಳಿ ಮುಟ್ಟಿದಾಗ ಇನ್ನೊಂದು ವಿಷಯ ಗೊತ್ತಾಯಿತು. ಆಗಿನ ನಕ್ಷೆಗಳಲ್ಲಿ ಮದರಾಸಿನಿಂದ ಪಶ್ಚಿಮ ಸಮುದ್ರಕ್ಕೆ ಸುಮಾರು 400 ಮೈಲಿ ಇತ್ತು. ನಿಜವಾಗಿ ಇದ್ದದ್ದು 360 ಮೈಲಿ. ನಲವತ್ತು ಮೈಲಿ ಅಗಲದ ಇಲ್ಲದ ನೆಲವನ್ನು ಎಲ್ಲರೂ ನಕ್ಷೆಯಲ್ಲಿ ಬಣ್ಣ ಹಚ್ಚಿ ಇಟ್ಟುಕೊಂಡಿದ್ದರು.

ಆ ಹೊತ್ತಿಗೆ ಅವನ ಮನಸ್ಸು ಉತ್ತರ-ದಕ್ಷಿಣದ ಗೆರೆಯ ಮೇಲೆ ನೆಟ್ಟಿತ್ತು. ಸುಮಾರು 78 ಡಿಗ್ರಿ ರೇಖಾಂಶದ ಗುಂಟ ಕನ್ಯಾಕುಮಾರಿಯ ಕಡೆಯಿಂದ ಮೇಲಕ್ಕೆ ಏರುವ ಆ ಸರಣಿಗೆ ಗ್ರೇಟ್ ಆರ್ಕ್ ಅಂತ ಹೆಸರು. 1808ರಲ್ಲಿ ತಂಜಾವೂರಿನ ಬಯಲಿನಲ್ಲಿ ಹತ್ತಲು ಬೆಟ್ಟ ಸಿಗದೆ ಬೃಹದೀಶ್ವರ ದೇವಸ್ಥಾನದ ಗೋಪುರಕ್ಕೆ ಥಿಯೋಡಲೈಟನ್ನು ಹಗ್ಗ ಕಟ್ಟಿ ಎಳೆಸಿದ. ಹಗ್ಗ ಕಿತ್ತು ಯಂತ್ರ ಗೋಡೆಗೆ ಅಪ್ಪಳಿಸಿತು. ಕೋನ ಓದುವ ಹಿತ್ತಾಳೆಯ ಚಕ್ರವೇ ಸೊಟ್ಟಗಾಯಿತು. ಬೇರೆಯವರಾಗಿದ್ದರೆ ಅಲ್ಲಿಗೆ ಪ್ರಾಜೆಕ್ಟ್ ಮುಗೀತು. ಲ್ಯಾಂಬ್ಟನ್ ಯಾರ ಮೇಲೂ ಕೂಗಾಡದೆ ಇಂಗ್ಲೆಂಡಿಗೆ ಹೊಸ ಯಂತ್ರಕ್ಕೆ ಸ್ವಂತ ದುಡ್ಡಿನಲ್ಲಿ ಆರ್ಡರ್ ಕಳಿಸಿದ. ಅದು ಬರುವ ತನಕ ಸುಮ್ಮನೆ ಕೂರಲೂ ಇಲ್ಲ. ಆರು ವಾರ ಬಾಗಿಲು ಹಾಕಿಕೊಂಡು ಚಕ್ರವನ್ನು ಬಿಚ್ಚಿ, ಬೆಣೆ, ತಿರುಪು, ರಾಟೆ ಇಟ್ಟುಕೊಂಡು ಕೂದಲೆಳೆಯಷ್ಟು ಕೂದಲೆಳೆಯಷ್ಟು ಎಳೆದು ಮತ್ತೆ ದುಂಡಗೆ ಮಾಡಿದ. ಅದೇ ಯಂತ್ರ ಅವನ ಕಾಲ ಮುಗಿದ ಮೇಲೂ ಕೆಲಸ ಮಾಡಿತು. ಇಡೀ ಕಥೆಯಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು. ಇನ್ನು ಆ ಅರ್ಧ ಟನ್ನನ್ನು ಬೆಟ್ಟದಿಂದ ಬೆಟ್ಟಕ್ಕೆ ಹೆಗಲ ಮೇಲೆ ಹೊತ್ತವರು, ದೂರದ ಗುಡ್ಡದಲ್ಲಿ ಬಾವುಟ ಹಿಡಿದು ದಿನಗಟ್ಟಲೆ ಕಾದವರು ನಮ್ಮ ಜನ. ನಾನು ಓದಿದ ಯಾವ ಪುಸ್ತಕದಲ್ಲೂ ಅವರ ಹೆಸರುಗಳು ಸಿಗಲಿಲ್ಲ.

1815ರ ಹೊತ್ತಿಗೆ ಗೆರೆ ಬೀದರ್ ಕಡೆ ತಲುಪಿತ್ತು. 1818ರಲ್ಲಿ ಈ ಕೆಲಸಕ್ಕೆ ಗ್ರೇಟ್ ಟ್ರಿಗನೋಮೆಟ್ರಿಕಲ್ ಸರ್ವೆ ಅಂತ ಹೆಸರು ಬಂತು, ಜಾರ್ಜ್ ಎವರೆಸ್ಟ್ ಎಂಬ ಯುವಕ ಸಹಾಯಕನಾಗಿ ಬಂದ. ವಯಸ್ಸು ಎಪ್ಪತ್ತರ ಹತ್ತಿರವಾದರೂ ಲ್ಯಾಂಬ್ಟನ್ ಟೆಂಟು ಬಿಡಲಿಲ್ಲ. 1823ರ ಜನವರಿ 20ರಂದು ಹೈದರಾಬಾದಿನಿಂದ ನಾಗಪುರಕ್ಕೆ ಹೋಗುವ ದಾರಿಯಲ್ಲಿ, ಈಗಿನ ಮಹಾರಾಷ್ಟ್ರದ ಹಿಂಗಣಘಾಟ್‌ನಲ್ಲಿ ತೀರಿಕೊಂಡ. ಸಮಾಧಿ ಅಲ್ಲೇ ಇದೆ. ಗೆರೆಯನ್ನು ಹಿಮಾಲಯದ ಬುಡಕ್ಕೆ ಒಯ್ದವನು ಎವರೆಸ್ಟ್. ಶಿಖರಕ್ಕೆ ಅವನ ಹೆಸರು ಸಿಕ್ಕಿತು, ಲ್ಯಾಂಬ್ಟನ್ ಹೆಸರಿನಲ್ಲಿ ನಾವು ಯಾರೂ ಟ್ರೆಕ್ ಹೋಗಲ್ಲ.

ಈಗ ನಮ್ಮ ಟ್ರಿಪ್ಪಿಗೆ ಬರುತ್ತೀನಿ, ಯಾಕಂದ್ರೆ ಇದು ಹಳೆ ಕಥೆ ಅಂತ ಬಿಡೋ ಹಾಗಿಲ್ಲ. ಈ ಗೆರೆಯ ಅಳತೆಗಳಿಂದ 1830ರಲ್ಲಿ ಎವರೆಸ್ಟ್ ಭೂಮಿಯ ಆಕಾರಕ್ಕೆ ಒಂದು ಲೆಕ್ಕ ಕೊಟ್ಟ. ಸರ್ವೆ ಆಫ್ ಇಂಡಿಯಾದ ಹಳೆಯ ಟೋಪೋಶೀಟ್‌ಗಳು ಆ ಎವರೆಸ್ಟ್ ಎಲಿಪ್ಸಾಯ್ಡ್ ಮೇಲೆ ನಿಂತಿವೆ. ಭದ್ರಾವತಿ ಇರುವ 48 ಓ/9 ಹಾಳೆಯೂ ಹಾಗೇ. ನಮ್ಮ ಫೋನಿನ ಜಿಪಿಎಸ್ ಮಾತಾಡೋದು ಡಬ್ಲ್ಯೂಜಿಎಸ್ 84 ಭಾಷೆ. ಅದರ ಭೂಮಿಯ ಅರ್ಧವ್ಯಾಸ ಎವರೆಸ್ಟ್ ಲೆಕ್ಕಕ್ಕಿಂತ 861 ಮೀಟರ್ ಹೆಚ್ಚು, ಕೇಂದ್ರವೂ ಬೇರೆ ಜಾಗದಲ್ಲಿ. ಹಾಗಾಗಿ ಹಳೆಯ ಹಾಳೆಯ ಅಂಕಿಯನ್ನು ಹಾಗೇ ಫೋನಿಗೆ ಒತ್ತಿದರೆ ನಮ್ಮ ಕಡೆ ನೂರು ಮೀಟರಿಗೂ ಮೀರಿ ಪಕ್ಕಕ್ಕೆ ಹೋಗುತ್ತೆ. ಮಲೆನಾಡಿನ ಕಾಡಿನಲ್ಲಿ ನೂರು ಮೀಟರ್ ಅಂದರೆ ಹಳ್ಳದ ಆ ಕಡೆಯೋ ಈ ಕಡೆಯೋ ಅನ್ನುವ ಪ್ರಶ್ನೆ. ಇನ್ನೂ ಹಳೆಯ, ಸುಮಾರು 1905ಕ್ಕಿಂತ ಮುಂಚಿನ ನಕ್ಷೆಗಳಲ್ಲಿ ಮದರಾಸಿನ ರೇಖಾಂಶವೇ ಸ್ವಲ್ಪ ತಪ್ಪಿತ್ತು. ಎಲ್ಲ ರೇಖಾಂಶಗಳಿಂದಲೂ ಸುಮಾರು 2 ಮಿನಿಟು 27 ಸೆಕೆಂಡು ಕಳೆಯಬೇಕು. ಇಲ್ಲಿ ಅದು ನಾಲ್ಕು ಕಿಲೋಮೀಟರಿಗೂ ಹೆಚ್ಚು. ತ್ರಿಕೋನಗಳು ಸರಿ, ಎಲ್ಲಿಂದ ಎಣಿಸಲು ಶುರು ಮಾಡಿದೆವೋ ಆ ಜಾಗದಲ್ಲಿ ತಪ್ಪು.

ಇದೆಲ್ಲ ಓದಿದ ಮೇಲೆ ಗ್ರೂಪಿನಲ್ಲಿ ನಿಯಮ ಮಾಡಿದೆವು. ಎಲ್ಲರೂ ಡೆಸಿಮಲ್ ಡಿಗ್ರಿಯಲ್ಲೇ ಬರೆಯಬೇಕು, ಅಕ್ಷಾಂಶ ಮೊದಲು, ನಾಲ್ಕು ದಶಮಾಂಶ ಸಾಕು (ನಾಲ್ಕನೇ ಸ್ಥಾನ ಅಂದರೆ ಸುಮಾರು 11 ಮೀಟರ್), ಮುಂದೆ ಡಬ್ಲ್ಯೂಜಿಎಸ್ 84 ಅಂತ ನಮೂದಿಸಬೇಕು. ಯುಟಿಎಂ ಬೇಕು ಅಂತ ನಾನು ಹಠ ಹಿಡಿದೆ, ಮೀಟರಿನಲ್ಲಿ ಲೆಕ್ಕ ಸುಲಭ ಅಂತ. ಭದ್ರಾವತಿ 43ನೇ ವಲಯ. ಆ ವಲಯ ಮುಗಿದು 44 ಶುರುವಾಗೋದು ಸರಿಯಾಗಿ 78 ಡಿಗ್ರಿಯಲ್ಲಿ, ಲ್ಯಾಂಬ್ಟನ್‌ನ ಗೆರೆಯ ಆಸುಪಾಸಿನಲ್ಲೇ! ಗೆಳೆಯರಿಗೆ ಇದರಲ್ಲಿ ಯಾವ ಆಸಕ್ತಿಯೂ ಇರಲಿಲ್ಲ. ರೂಟನ್ನು ಜಿಪಿಎಕ್ಸ್ ಫೈಲ್ ಮಾಡಿ, ಘಟ್ಟದಲ್ಲಿ ನೆಟ್‌ವರ್ಕ್ ಇರಲ್ಲ ಅಂತ ಓಸ್ಮ್‌ಆ್ಯಂಡ್‌ನಲ್ಲಿ ಕರ್ನಾಟಕದ ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಕೊಂಡೆವು.

ಬೆಳಿಗ್ಗೆ ಆರಕ್ಕೆ ಎಲ್ಲರೂ ಭದ್ರಾವತಿಗೇ ಬಂದರು, ಕೊಪ್ಪಕ್ಕೆ ಯಾರೂ ಹೋಗಲಿಲ್ಲ. ತರೀಕೆರೆ ದಾಟಿ ಲಿಂಗದಹಳ್ಳಿಯಲ್ಲಿ ಟೀ ಕುಡಿಯೋಕೆ ನಿಂತಾಗ ನೋಡಿದರೆ ಫೈಲ್ ಇದ್ದ ಫೋನಿನ ಚಾರ್ಜ್ ಮುಗಿದಿತ್ತು. ಮುಂದಿನ ದಾರಿಯನ್ನು ಟೀ ಅಂಗಡಿಯವರನ್ನು ಕೇಳಿಕೊಂಡು ಹೋದೆವು. ಆ ಹಣಕಾಸು ಸಮಿತಿಯ ಸದಸ್ಯ ನೋಡಿದ್ದರೆ ಖುಷಿ ಪಡುತ್ತಿದ್ದ.