‘ಬಗ್’ ಪದ ಹುಟ್ಟಿದ್ದು ಪತಂಗದಿಂದಲೇ? ಗ್ರೇಸ್ ಹಾಪರ್ ನಿಜವಾಗಿ ಮಾಡಿದ್ದೇನು?

ಕಂಪ್ಯೂಟರ್ ಒಳಗೆ ಒಂದು ಹುಳು ಸಿಕ್ಕಿತಂತೆ, ಅದನ್ನು ಹಿಡಿದವರು ಗ್ರೇಸ್ ಹಾಪರ್ ಅಂತೆ, ಅಂದಿನಿಂದ ಪ್ರೋಗ್ರಾಂ ದೋಷಕ್ಕೆ ‘ಬಗ್’ ಎಂಬ ಹೆಸರು ಬಂತಂತೆ. ಕೋಬಾಲ್ ಭಾಷೆಯನ್ನೂ ಅವರೊಬ್ಬರೇ ಕಂಡುಹಿಡಿದರಂತೆ. ಇಂಥದ್ದೊಂದು ಫಾರ್ವರ್ಡ್ ನಿಮ್ಮ ವಾಟ್ಸ್‌ಆ್ಯಪ್ ಗುಂಪಿಗೂ ಬಂದಿರಬಹುದು. ಇದರಲ್ಲಿ ಒಂದಿಷ್ಟು ನಿಜವಿದೆ, ಒಂದಿಷ್ಟು ಉಪ್ಪುಖಾರವಿದೆ. ಆದರೆ ಹಾಪರ್ ಅವರ ದೊಡ್ಡ ಕೆಲಸವೇ ಇದರಲ್ಲಿ ಇಲ್ಲ.

ಗಡಿಯಾರ ಬಿಚ್ಚಿದ ಹುಡುಗಿ

ಗ್ರೇಸ್ ಹುಟ್ಟಿದ್ದು 1906ರ ಡಿಸೆಂಬರ್ 9ರಂದು, ನ್ಯೂಯಾರ್ಕ್ ನಗರದಲ್ಲಿ. ಏಳು ವರ್ಷದವರಿದ್ದಾಗ ಅಲಾರಂ ಗಡಿಯಾರ ಹೇಗೆ ಕೆಲಸ ಮಾಡುತ್ತದೆಂದು ನೋಡಲು ಮನೆಯಲ್ಲಿದ್ದ ಏಳು ಗಡಿಯಾರಗಳನ್ನೂ ಬಿಚ್ಚಿಹಾಕಿದ್ದರು. ತಾಯಿ ಗದರಲಿಲ್ಲ, ಇನ್ನು ಮುಂದೆ ಒಂದನ್ನು ಮಾತ್ರ ಬಿಚ್ಚಬೇಕೆಂದು ಕಟ್ಟಳೆ ಮಾಡಿದರು.

ವ್ಯಾಸರ್ ಕಾಲೇಜಿನಲ್ಲಿ ಗಣಿತ, ಭೌತಶಾಸ್ತ್ರ ಓದಿ, 1934ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಪಿಎಚ್‌ಡಿ ಪಡೆದರು. ವ್ಯಾಸರ್‌ನಲ್ಲೇ ಪಾಠ ಹೇಳುತ್ತಿದ್ದರು. ಅಷ್ಟರಲ್ಲಿ ಎರಡನೇ ಮಹಾಯುದ್ಧ ಬಂತು. ನೌಕಾಪಡೆ ಸೇರಲು ಹೋದರೆ ವಯಸ್ಸು ಹೆಚ್ಚು, ತೂಕ ಕಡಿಮೆ ಎಂಬ ತಕರಾರು. ಹಟ ಬಿಡದೆ ವಿನಾಯಿತಿ ಪಡೆದು 1943ರ ಡಿಸೆಂಬರ್‌ನಲ್ಲಿ ಸೇರಿದರು. ಮರುವರ್ಷ ಅವರನ್ನು ಹಾರ್ವರ್ಡ್ ವಿಶ್ವವಿದ್ಯಾಲಯದ ಮಾರ್ಕ್ 1 ಯಂತ್ರದ ಕೆಲಸಕ್ಕೆ ಹಾಕಿದರು. ಯಂತ್ರದ ಉದ್ದ 51 ಅಡಿ. ಅಷ್ಟಿದ್ದರೂ ಸೆಕೆಂಡಿಗೆ ಮೂರು ಕೂಡುವ ಲೆಕ್ಕ ಮಾತ್ರ ಮಾಡುತ್ತಿತ್ತು.

ಪತಂಗದ ಕಥೆ ಎಷ್ಟು ನಿಜ?

ಪತಂಗ ಸಿಕ್ಕಿದ್ದು ನಿಜ. 1947ರ ಸೆಪ್ಟೆಂಬರ್ 9ರಂದು, ಮಾರ್ಕ್ 2 ಯಂತ್ರದ ಒಂದು ರಿಲೇಯಲ್ಲಿ. ಅದನ್ನು ದಿನಚರಿ ಪುಸ್ತಕಕ್ಕೆ ಟೇಪ್ ಹಾಕಿ ಅಂಟಿಸಿದರು. ಆ ಪುಸ್ತಕ ಈಗಲೂ ಅಮೆರಿಕದ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿದೆ.

ಆದರೆ ಪತಂಗ ಕಂಡುಹಿಡಿದವರು ಹಾಪರ್ ಅಲ್ಲ, ಅವರ ಸಹೋದ್ಯೋಗಿಗಳು. ಹಾಪರ್ ಈ ಕಥೆಯನ್ನು ಭಾಷಣಗಳಲ್ಲಿ ಸೊಗಸಾಗಿ ಹೇಳುತ್ತಿದ್ದರಿಂದ ಅವರ ಹೆಸರಿಗೇ ಅಂಟಿಕೊಂಡಿತು. ಇನ್ನು ‘ಬಗ್’ ಪದ ಅದಕ್ಕಿಂತ ಬಹಳ ಹಳೆಯದು. ಯಂತ್ರದ ದೋಷಕ್ಕೆ ಆ ಪದವನ್ನು ಥಾಮಸ್ ಎಡಿಸನ್ 1878ರಲ್ಲೇ ಪತ್ರದಲ್ಲಿ ಬಳಸಿದ್ದರು. ಪದ ಮೊದಲೇ ಇದ್ದುದರಿಂದಲೇ ನಿಜವಾದ ಹುಳು ಸಿಕ್ಕಾಗ ಎಲ್ಲರಿಗೂ ನಗು ಬಂದದ್ದು.

ಅಂಕಿಯ ಯಂತ್ರಕ್ಕೆ ಪದ ಕಲಿಸಿದವರು

1949ರಲ್ಲಿ ಹಾಪರ್ ಯೂನಿವ್ಯಾಕ್ ಕಂಪ್ಯೂಟರ್ ತಯಾರಿಸುತ್ತಿದ್ದ ಕಂಪನಿ ಸೇರಿದರು. ಆಗ ಪ್ರೋಗ್ರಾಂ ಬರೆಯುವವರು ಹಳೆಯ ಪ್ರೋಗ್ರಾಂ ತುಣುಕುಗಳನ್ನು ಕೈಯಿಂದ ನಕಲು ಮಾಡಿಕೊಳ್ಳುತ್ತಿದ್ದರು. ಅವಸರದಲ್ಲಿ ಇಂಗ್ಲಿಷಿನ ‘ಬಿ’ ಅಕ್ಷರ 13 ಆಗಿಬಿಡುತ್ತಿತ್ತು. ಅಂಕಿ 4 ಖಾಲಿ ಜಾಗದ ಗುರುತಾಗಿಬಿಡುತ್ತಿತ್ತು. ಒಂದು ಅಕ್ಷರ ತಪ್ಪಿದರೂ ಇಡೀ ಲೆಕ್ಕ ಹಾಳು.

ನಕಲು ಮಾಡುವ ಕೆಲಸವನ್ನು ಯಂತ್ರಕ್ಕೇ ಏಕೆ ಒಪ್ಪಿಸಬಾರದು ಎಂದು ಹಾಪರ್ ಯೋಚಿಸಿದರು. 1952ರ ಹೊತ್ತಿಗೆ ಅವರ ‘ಎ-0’ ಸಿದ್ಧವಾಯಿತು. ಟೇಪಿನಲ್ಲಿದ್ದ ತುಣುಕುಗಳನ್ನು ಹುಡುಕಿ ತಾನೇ ಜೋಡಿಸಿಕೊಡುವ ಪ್ರೋಗ್ರಾಂ ಅದು. ಇಂದಿನ ಕಂಪೈಲರ್‌ಗಳಷ್ಟು ಕೆಲಸ ಅದು ಮಾಡುತ್ತಿರಲಿಲ್ಲ, ಆದರೆ ದಾರಿ ತೆರೆಯಿತು. ಕಂಪ್ಯೂಟರ್ ಲೆಕ್ಕ ಮಾಡೀತೇ ಹೊರತು ಪ್ರೋಗ್ರಾಂ ಬರೆಯಲಾರದು ಎಂದು ನಂಬಿದ್ದವರು ಬಹುಕಾಲ ಅದನ್ನು ಮುಟ್ಟಲೂ ಇಲ್ಲ.

ಮುಂದಿನ ಹೆಜ್ಜೆ ಇನ್ನೂ ದೊಡ್ಡದು. ಕಚೇರಿ ಲೆಕ್ಕ ನೋಡುವವರಿಗೆ ಬೀಜಗಣಿತದ ಚಿಹ್ನೆಗಳು ಬೇಡ, ಇನ್‌ಪುಟ್, ಕಂಪೇರ್, ಟ್ರಾನ್ಸ್‌ಫರ್‌ನಂಥ ಪದಗಳಲ್ಲೇ ಅವರು ಆಜ್ಞೆ ಬರೆಯಲಿ ಎಂದರು ಹಾಪರ್. ಕಂಪ್ಯೂಟರಿಗೆ ಇಂಗ್ಲಿಷ್ ಅರ್ಥವಾಗುವುದಿಲ್ಲ ಎಂದು ಹಲವರು ತಳ್ಳಿಹಾಕಿದರು.

ಅರ್ಥವಾಗಬೇಕಾದ ಅಗತ್ಯವೇ ಇರಲಿಲ್ಲ. ದಾರದಲ್ಲಿ ಹೂವು ಪೋಣಿಸಿದಂತೆ ಅಕ್ಷರಗಳನ್ನು ಸಾಲಾಗಿ ಪೋಣಿಸಿದರೆ ಅದು ‘ಸ್ಟ್ರಿಂಗ್’. ಕಂಪ್ಯೂಟರ್ ಆ ಸಾಲನ್ನು ತನ್ನ ಪಟ್ಟಿಯೊಂದಿಗೆ ಹೋಲಿಸುತ್ತದೆ, ಹೊಂದಿದರೆ ಅದಕ್ಕೆ ತಕ್ಕ ಆಜ್ಞೆಯನ್ನು ಇಡುತ್ತದೆ. ಇದನ್ನು ತೋರಿಸಲೆಂದೇ ಹಾಪರ್ ತಂಡ ಒಂದೇ ಪ್ರೋಗ್ರಾಂ ಅನ್ನು ಇಂಗ್ಲಿಷ್, ಫ್ರೆಂಚ್, ಜರ್ಮನ್ ಮೂರರಲ್ಲೂ ಬರೆದು ನಡೆಸಿತು. ಮೇಲಧಿಕಾರಿಗಳು ಮೆಚ್ಚುವ ಬದಲು ಬೆಚ್ಚಿದರು. ಅಮೆರಿಕದಲ್ಲಿ ತಯಾರಾದ ಯಂತ್ರಕ್ಕೆ ಫ್ರೆಂಚ್ ಬರಲು ಹೇಗೆ ಸಾಧ್ಯ ಎಂಬುದು ಅವರ ಗೊಂದಲ! ಕೊನೆಗೆ ಇಂಗ್ಲಿಷ್ ಒಂದರಲ್ಲೇ ‘ಫ್ಲೋ-ಮ್ಯಾಟಿಕ್’ ಭಾಷೆ ಹೊರಬಂತು.

ಕೋಬಾಲ್ ಒಬ್ಬರದ್ದಲ್ಲ

1959ರಲ್ಲಿ, ಎಲ್ಲ ಕಂಪನಿಗಳ ಯಂತ್ರಗಳಿಗೂ ಒಂದೇ ವ್ಯವಹಾರ ಭಾಷೆ ಬೇಕೆಂದು ಪೆಂಟಗನ್‌ನಲ್ಲಿ ಸಭೆ ನಡೆಯಿತು. ಅಲ್ಲಿಂದ ಹುಟ್ಟಿದ್ದು ಕೋಬಾಲ್. ಅದನ್ನು ರೂಪಿಸಿದ್ದು ಒಂದು ಸಮಿತಿ. ಜೀನ್ ಸ್ಯಾಮೆಟ್ ಸೇರಿದಂತೆ ಹಲವರು ಅದರಲ್ಲಿ ದುಡಿದರು. ಹಾಪರ್ ಯೋಜನೆಯ ತಾಂತ್ರಿಕ ಸಲಹೆಗಾರರಾಗಿದ್ದರು, ಅವರ ಫ್ಲೋ-ಮ್ಯಾಟಿಕ್ ಕೋಬಾಲ್‌ಗೆ ಮುಖ್ಯ ಮಾದರಿಯಾಯಿತು. ಆ ಸಾಲ ದೊಡ್ಡದೇ, ಆದರೆ ಒಬ್ಬರೇ ಕಂಡುಹಿಡಿದರು ಎನ್ನುವುದು ತಪ್ಪು.

ಆಮೇಲೆ ಬಂದದ್ದು ಅಸಲಿ ಕಷ್ಟ. ಒಂದೊಂದು ಕಂಪನಿಯೂ ಕೋಬಾಲ್‌ಗೆ ತನ್ನದೇ ಹೊಸ ಆಜ್ಞೆಗಳನ್ನು ಸೇರಿಸತೊಡಗಿತು. ಒಂದು ಯಂತ್ರದಲ್ಲಿ ಓಡಿದ ಪ್ರೋಗ್ರಾಂ ಇನ್ನೊಂದರಲ್ಲಿ ಓಡದು. ಸಂಬಳ, ದಾಸ್ತಾನು ಎಲ್ಲ ಅದರಲ್ಲೇ ಬರೆದಿಟ್ಟ ನೌಕಾಪಡೆಗೆ ಇದು ತಲೆನೋವಾಯಿತು. 1966ರ ಕೊನೆಗೆ ನಿವೃತ್ತರಾಗಿದ್ದ ಹಾಪರ್ ಅವರನ್ನು 1967ರಲ್ಲಿ ಆರು ತಿಂಗಳ ಮಟ್ಟಿಗೆಂದು ವಾಪಸ್ ಕರೆದರು. ಆ ಆರು ತಿಂಗಳು ಹೆಚ್ಚುಕಡಿಮೆ ಎರಡು ದಶಕವಾಯಿತು!

ಹೊಸ ಆಜ್ಞೆ ಬೇಡ ಎಂದು ಹಾಪರ್ ಹಟ ಹಿಡಿಯಲಿಲ್ಲ. 1974ರ ಕೋಬಾಲ್ ಮಾನದಂಡದಲ್ಲಿ ಅಕ್ಷರಸಾಲುಗಳಿಗೆಂದೇ ಹೊಸ ಆಜ್ಞೆಗಳು ಬಂದವು: ಜೋಡಿಸಲು ‘ಸ್ಟ್ರಿಂಗ್’, ಬಿಡಿಸಲು ‘ಅನ್‌ಸ್ಟ್ರಿಂಗ್’, ಅಕ್ಷರ ಎಣಿಸಲು ಮತ್ತು ಬದಲಿಸಲು ‘ಇನ್‌ಸ್ಪೆಕ್ಟ್’. ಹಾಪರ್ ಅವರ ತಂಡ ಮಾಡಿದ್ದು ಬೇರೆ ಕೆಲಸ. ಪ್ರತಿ ಕಂಪನಿಯ ಕಂಪೈಲರ್ ಮಾನದಂಡಕ್ಕೆ ತಕ್ಕಂತೆ ನಡೆಯುತ್ತದೆಯೇ ಎಂದು ಒರೆಗೆ ಹಚ್ಚುವ ಪರೀಕ್ಷಾ ಪ್ರೋಗ್ರಾಂಗಳನ್ನು ಬರೆಯಿತು. ಯಾರು ಏನೇ ಸೇರಿಸಲಿ, ಒಪ್ಪಿಕೊಂಡ ಪದಕ್ಕೆ ಎಲ್ಲೆಡೆ ಒಂದೇ ಅರ್ಥ ಇರಬೇಕು, ಅಷ್ಟೇ.

ನಮಗೇನು ಸಂಬಂಧ?

‘ಕನ್ನಡ’ ಎಂಬ ಪದದಲ್ಲಿ ಎಷ್ಟು ಅಕ್ಷರ? ನಾವು ಮೂರು ಎನ್ನುತ್ತೇವೆ. ಪೈಥಾನ್ ಭಾಷೆಯ ಎಣಿಕೆ 5 ಎನ್ನುತ್ತದೆ, ಏಕೆಂದರೆ ಒತ್ತಕ್ಷರವನ್ನು ಅದು ನ, ವಿರಾಮ ಚಿಹ್ನೆ, ನ ಎಂದು ಬಿಡಿಸಿ ಎಣಿಸುತ್ತದೆ. ಯುಟಿಎಫ್-8 ಬೈಟ್‌ಗಳ ಲೆಕ್ಕ ಹಿಡಿಯುವ ಗೋ ಭಾಷೆ 15 ಎನ್ನುತ್ತದೆ. ಯಾವುದೂ ಸುಳ್ಳಲ್ಲ, ಎಣಿಸುವುದು ಏನನ್ನು ಎಂಬುದು ಬೇರೆ ಬೇರೆ. ಹೆಸರು ತುಂಬುವ ಫಾರಂ ಅಥವಾ ಸಂದೇಶದ ಮಿತಿ ನಮ್ಮ ಲಿಪಿಯಲ್ಲಿ ಬೇಗ ತುಂಬಿಹೋಗಲು ಇಂಥ ಎಣಿಕೆ ಕಾರಣವಾಗಬಲ್ಲದು. ಹೊಸ ಸ್ಟ್ರಿಂಗ್ ಮೆಥಡ್ ಸೇರಿಸುವವರು ಮೊದಲು ಅರ್ಥವನ್ನು ಗಟ್ಟಿ ಮಾಡಿಕೊಳ್ಳಬೇಕಾದದ್ದು ಇದಕ್ಕೇ.

ಹಾಪರ್ ತಮ್ಮ ಕಚೇರಿಯಲ್ಲಿ ಹಿಮ್ಮುಖವಾಗಿ ತಿರುಗುವ ಗಡಿಯಾರ ಇಟ್ಟಿದ್ದರು. ಹೀಗೇ ಮಾಡಿಕೊಂಡು ಬಂದಿದ್ದೇವೆ ಎಂಬುದೇ ಕಾರಣವಾಗಬಾರದು ಎಂದು ತೋರಿಸಲು. 1986ರಲ್ಲಿ ರಿಯರ್ ಅಡ್ಮಿರಲ್ ಹುದ್ದೆಯಿಂದ ನಿವೃತ್ತರಾದಾಗ ಅವರಿಗೆ 79 ವರ್ಷ. 1992ರ ಜನವರಿ 1ರಂದು ತೀರಿಕೊಂಡರು. ಅರ್ಲಿಂಗ್ಟನ್ ರಾಷ್ಟ್ರೀಯ ಸಮಾಧಿ ಸ್ಥಳದಲ್ಲಿ ಅವರನ್ನು ಮಣ್ಣು ಮಾಡಲಾಯಿತು.

ಒಟ್ಟಿನಲ್ಲಿ: ಪತಂಗ ನಿಜ, ಹಿಡಿದವರು ಹಾಪರ್ ಅಲ್ಲ. ‘ಬಗ್’ ಪದ ಅವರಿಗಿಂತ ಹಳೆಯದು. ಕೋಬಾಲ್ ಸಮಿತಿಯ ಕೆಲಸ, ಅದಕ್ಕೆ ಅಡಿಪಾಯ ಹಾಪರ್ ಅವರ ಭಾಷೆ. ಮುಂದಿನ ಸಲ ಆ ಫಾರ್ವರ್ಡ್ ಬಂದರೆ ಇಷ್ಟನ್ನು ಸೇರಿಸಿ ಕಳುಹಿಸಿ.